ಕಿರ್ದಿ ಇಡದ ಗೇಮ್ ಮಾಸ್ಟರ್‌ಗೆ ಯಾವ ಆ್ಯಪ್ ಕೊಟ್ಟರೇನು?

ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ: "ನೋಟ್ಸ್ ಇಡೋಕೆ ಯಾವ ಆ್ಯಪ್ ಒಳ್ಳೇದು?" ಈ ಪ್ರಶ್ನೆ ನಿಲ್ಲುವ ಹಾಗೆ ಕಾಣುತ್ತಿಲ್ಲ. ಆದ್ದರಿಂದ ಈ ಸಲ ಜಾಗವೆಲ್ಲ ಅದಕ್ಕೇ, ಉಳಿದವರಿಗೆ ಒಂದೊಂದು ಸಾಲು. ಹೊಸಬರಿಗೆ ಇಷ್ಟು ಸಾಕು: ಮೇಜಿನ ಸುತ್ತ ಕೂತು ಪಾತ್ರಗಳಾಗಿ ಆಡುವ ಕಥೆಯಾಟವನ್ನು ನಡೆಸುವವರು ಗೇಮ್ ಮಾಸ್ಟರ್, ಒಮ್ಮೆ ಕೂತು ಆಡಿದ್ದು ಸೆಷನ್, ಸೆಷನ್‌ಗಳ ಉದ್ದಕ್ಕೂ ಸಾಗುವ ಕಥೆ ಕ್ಯಾಂಪೇನ್.

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ ಒಂದೂವರೆ ವರ್ಷದಿಂದ ಕ್ಯಾಂಪೇನ್ ನಡೆಸುತ್ತಿದ್ದೇನೆ. ಆಟಗಾರರು ಐವರು, 31 ಸೆಷನ್ ಮುಗಿದಿವೆ, ಗೂಗಲ್ ಡಾಕ್ 140 ಪುಟ ದಾಟಿದೆ. ಮೊನ್ನೆ ಒಬ್ಬರು "ಆವತ್ತು ಸಾಲ ಕೊಟ್ಟಿದ್ದ ಕಮ್ಮಾರನ ಹತ್ತಿರ ಹೋಗೋಣ" ಎಂದಾಗ ಹೆಸರು ಸಿಗದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಆಬ್ಸಿಡಿಯನ್‌ಗೆ ಹೋಗಲೇ, ನೋಷನ್‌ಗೆ ಹೋಗಲೇ?

ಎಲ್ಲಿಗೆ ಹೋದರೂ ಆ 140 ಪುಟ ನಿಮ್ಮ ಬೆನ್ನಿಗೇ ಬರುತ್ತದೆ. ತೊಂದರೆ ಆ್ಯಪಿನದಲ್ಲ. ಆಟದಲ್ಲಿ ನಡೆದದ್ದು, ನಡೆಯಬಹುದೆಂದು ನೀವು ಎಣಿಸಿದ್ದು, ಬರೆದೂ ಬಳಸದೆ ಬಿಟ್ಟದ್ದು, ಈ ಮೂರನ್ನೂ ಒಂದೇ ಕಡತದಲ್ಲಿ ಕಲಸಿಟ್ಟಿದ್ದೀರಿ. "ಕಮ್ಮಾರ" ಎಂದು ಹುಡುಕಿದರೆ ಹತ್ತಾರು ಕಡೆ ಸಿಗುತ್ತಾನೆ. ಅದರಲ್ಲಿ ಯಾವುದು ನಿಜ ಎಂದು ಐದು ಜನ ನಿಮ್ಮ ಮುಖ ನೋಡುತ್ತ ಕುಳಿತಿರುವಾಗ ತೀರ್ಮಾನಿಸುವುದು ಯಾರಿಂದಲೂ ಆಗದ ಕೆಲಸ.

ಮಂಡಿ ಸಾಹುಕಾರರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದರು. ಅವರಲ್ಲಿ ಕಿರ್ದಿ ಬೇರೆ, ಖಾತೆ ಬೇರೆ. ಕಿರ್ದಿಯಲ್ಲಿ ದಿನದ ವ್ಯವಹಾರ ನಡೆದ ಕ್ರಮದಲ್ಲೇ ಇರುತ್ತದೆ. ಅದೇ ವ್ಯವಹಾರ ಖಾತೆಯಲ್ಲಿ ಆಸಾಮಿವಾರು ಏರುತ್ತದೆ. ನಿಮಗೂ ಬೇಕಾದದ್ದು ಇದೇ, ಜೊತೆಗೆ ಒಂದು ಬಾಕಿ ಪಟ್ಟಿ.

ಕಿರ್ದಿ: ಸೆಷನ್ ಮುಗಿದ ರಾತ್ರಿಯೇ, ತಪ್ಪಿದರೆ ಮರುದಿನದೊಳಗೆ, ಹದಿನೈದು ನಿಮಿಷ ಕೂತು ಎಂಟರಿಂದ ಹನ್ನೆರಡು ಸಾಲು ಬರೆಯಿರಿ. ತಲೆಯಲ್ಲಿ ಸೆಷನ್ ಸಂಖ್ಯೆ, ಆಟದೊಳಗಿನ ದಿನಾಂಕ. ಪ್ರತಿ ಸಾಲಿಗೂ ಒಂದು ಅಂಕೆ. ಒಂಬತ್ತನೇ ಸೆಷನ್ನಿನ ಮೂರನೇ ಸಾಲು 9-3. ನಿಮ್ಮ ಕಮ್ಮಾರನ ಹೆಸರು ಓರಿನ್ ಎಂದಿಟ್ಟುಕೊಳ್ಳಿ. "9-3: ಕಮ್ಮಾರ ಓರಿನ್ 50 ಚಿನ್ನದ ನಾಣ್ಯ ಸಾಲ ಕೊಟ್ಟ, ಹುಣ್ಣಿಮೆಯೊಳಗೆ ತೀರಿಸಬೇಕು." ಇಷ್ಟು ಸಾಕು. ಯುದ್ಧದ ವರ್ಣನೆ ಬೇಡ, ಯಾರು ಸತ್ತರು, ಯಾರು ತಪ್ಪಿಸಿಕೊಂಡರು ಎಂಬುದಷ್ಟೇ ಬೇಕು. ಬರೆದ ಮೇಲೆ ಕಿರ್ದಿಯನ್ನು ತಿದ್ದಬಾರದು. ತಪ್ಪಾಗಿದ್ದರೆ ಮುಂದಿನ ಸೆಷನ್ನಿನ ಕಿರ್ದಿಯಲ್ಲಿ ಒಂದು ಸಾಲು ಸೇರಿಸಿ. ಹಳೆಯ ಸಾಲು ತಿದ್ದಲು ಹೊರಟರೆ, ಆಟಗಾರರು ಕೇಳಿಸಿಕೊಂಡದ್ದು ಒಂದು, ನಿಮ್ಮ ಪುಸ್ತಕದಲ್ಲಿರುವುದು ಇನ್ನೊಂದು ಆಗುತ್ತದೆ. ಆಮೇಲೆ ವಾದದಲ್ಲಿ ಗೆಲ್ಲುವವರು ಅವರೇ.

ಖಾತೆ: ಪ್ರತಿ ವ್ಯಕ್ತಿಗೆ, ಊರಿಗೆ, ಬಣಕ್ಕೆ ಒಂದೊಂದು ಕಾರ್ಡ್. ಮೂರು ಇಂಚು ಅಗಲ, ಐದು ಇಂಚು ಉದ್ದದ ಇಂಡೆಕ್ಸ್ ಕಾರ್ಡ್ ಆದರೆ ಅತಿಯಾಗಿ ಬರೆಯುವ ಚಟಕ್ಕೆ ಕಾಗದವೇ ಕಡಿವಾಣ ಹಾಕುತ್ತದೆ. ಐದು ಸಾಲು ಮೀರಬೇಡಿ: ಹೆಸರು, ಕಣ್ಣಿಗೆ ಬೀಳುವ ಒಂದು ಗುರುತು, ಮಾತಿನ ಒಂದು ಚಾಳಿ, ಈಗ ಅವನಿಗೆ ಏನು ಬೇಕು, ಕೊನೆಯ ಸಾಲಿನಲ್ಲಿ ಕಿರ್ದಿಯ ಅಂಕೆಗಳು. ಓರಿನ್‌ನ ಕಾರ್ಡಿನ ಕೆಳಗೆ "9-3, 14-6" ಎಂದಿದ್ದರೆ ಅವನ ಚರಿತ್ರೆಯೆಲ್ಲ ಎರಡು ಸಾಲಿನಲ್ಲಿ ಸಿಕ್ಕಿತು. "ಈಗ ಏನು ಬೇಕು" ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ, ಅದು ಬದಲಾಗುತ್ತಲೇ ಇರುತ್ತದೆ. ಅವನ ತಾತ ಯಾವ ಯುದ್ಧದಲ್ಲಿ ಸತ್ತ ಎಂಬುದು ಯಾರಿಗೂ ಬೇಡ.

ಬಾಕಿ ಪಟ್ಟಿ: ಒಂದೇ ಹಾಳೆ. ಕೊಟ್ಟ ಮಾತು, ತೀರದ ಸಾಲ, ಹಾಕಿದ ಬೆದರಿಕೆ, ಗುರುತು ಹಿಡಿಯದ ಮಾಂತ್ರಿಕ ವಸ್ತು, ಇವೆಲ್ಲ ಇದರಲ್ಲಿ. ಹನ್ನೆರಡು ದಾಟಿದರೆ ಹೊಸ ಎಳೆ ಹುಟ್ಟಿಸುವುದನ್ನು ನಿಲ್ಲಿಸಿ ಹಳೆಯದನ್ನು ಚುಕ್ತಾ ಮಾಡಿ. ಬಹಳಷ್ಟು ಕ್ಯಾಂಪೇನ್‌ಗಳು ಕಥೆ ಸಾಲದೆ ಸಾಯುವುದಿಲ್ಲ, ಬಾಕಿ ಹೆಚ್ಚಾಗಿ ಸಾಯುತ್ತವೆ.

ಇನ್ನು ಮೇಜಿನ ಮೇಲೆ ಇರಬೇಕಾದದ್ದು ಎ4 ಹಾಳೆಯ ಒಂದು ಮಗ್ಗುಲು ಮಾತ್ರ. ಮೊದಲ ದೃಶ್ಯ ಎರಡು ಸಾಲು. ಇವತ್ತು ಬರಬಹುದಾದ ಐದಾರು ಮಂದಿಯ ಕಾರ್ಡುಗಳನ್ನು ಪಕ್ಕದಲ್ಲಿಡಿ. ಮೂರು ಜಾಗ, ಪ್ರತಿಯೊಂದಕ್ಕೂ ಕಾಣುವ, ಕೇಳುವ, ಮೂಗಿಗೆ ಬಡಿಯುವ ಒಂದೊಂದು ಸಂಗತಿ. ಆಮೇಲೆ ಹತ್ತು ಗುಟ್ಟುಗಳು, ಒಂದೊಂದೂ ಒಂದೇ ವಾಕ್ಯ. ಗುಟ್ಟನ್ನು ಜಾಗಕ್ಕೆ ಕಟ್ಟಿಹಾಕಬೇಡಿ. "ನಗರಾಧ್ಯಕ್ಷ ಕಳ್ಳಸಾಗಣೆಯವರಿಗೆ ಸಾಲಗಾರ" ಎಂಬುದನ್ನು ಅವನ ಮೇಜಿನ ಡ್ರಾಯರಿನಲ್ಲೇ ಇಟ್ಟರೆ, ಆಟಗಾರರು ಆ ಕೋಣೆಗೆ ಕಾಲಿಡದ ದಿನ ನಿಮ್ಮ ಕಥೆ ನಿಂತುಹೋಗುತ್ತದೆ. ಹಾಗೇ ತೇಲಲು ಬಿಡಿ. ಹೆಂಡದಂಗಡಿಯವನೂ ಹೇಳಬಹುದು, ಹೆಣದ ಜೇಬಿನ ಚೀಟಿಯೂ ಹೇಳಬಹುದು. ಅವರು ಕಂಡುಹಿಡಿಯಲೇಬೇಕಾದ ಸತ್ಯಕ್ಕೆ ಮೂರು ಸುಳಿವಾದರೂ ಇರಲಿ: ಒಂದನ್ನು ಗಮನಿಸುವುದಿಲ್ಲ, ಒಂದನ್ನು ತಪ್ಪು ತಿಳಿಯುತ್ತಾರೆ. ಬಾಯಿಬಿಟ್ಟು ಹೇಳಿದ ಗುಟ್ಟಿಗೆ ಕೆಂಪು ಗೆರೆ ಎಳೆಯಿರಿ. ಗೆರೆ ಬೀಳದ್ದು ಇನ್ನೂ ಸತ್ಯವಲ್ಲ, ಬೇಕಾದಂತೆ ಬದಲಾಯಿಸಬಹುದು. ಉಳಿದದ್ದನ್ನು ಮುಂದಿನ ಹಾಳೆಗೆ ದಾಟಿಸಿ.

ಹಾಳೆಯ ಅಡಿಯಲ್ಲಿ ಒಂದು ಪಟ್ಟಿ: ಪ್ರತಿ ಪಾತ್ರದ ಆರ್ಮರ್ ಕ್ಲಾಸ್ (ಹೊಡೆತ ತಗುಲಲು ಎದುರಾಳಿ ಮುಟ್ಟಬೇಕಾದ ಅಂಕೆ), ಪ್ಯಾಸಿವ್ ಪರ್ಸೆಪ್ಷನ್ (ಡೈಸ್ ಹಾಕದೆಯೇ ಸುತ್ತಲಿನದನ್ನು ಗಮನಿಸುವ ಶಕ್ತಿ), ಬಲ್ಲ ಭಾಷೆಗಳು. ಪ್ಯಾಸಿವ್ ಪರ್ಸೆಪ್ಷನ್ ಎಂದರೆ 10ಕ್ಕೆ ಪರ್ಸೆಪ್ಷನ್ ಮಾಡಿಫೈಯರ್ ಕೂಡಿಸಿದ್ದು, +4 ಇದ್ದರೆ 14. ಇದು ಕೈಯಲ್ಲಿದ್ದರೆ "ನಿಮ್ಮ ಪರ್ಸೆಪ್ಷನ್ ಎಷ್ಟು?" ಎಂದು ಕೇಳಿ, ಹೊಂಚುಹಾಕಿದವರನ್ನು ನೀವೇ ಹಿಡಿದುಕೊಡುವ ಪ್ರಸಂಗ ಬರುವುದಿಲ್ಲ. ಎಲ್ಲರೂ ಎಡವುವುದು ಐದನೇ ಲೆವೆಲ್‌ನಲ್ಲಿ. ಅಲ್ಲಿ ಪ್ರೊಫಿಷಿಯನ್ಸಿ ಬೋನಸ್, ಅಂದರೆ ಪಾತ್ರ ಪಳಗಿದ ಕೆಲಸಕ್ಕೆ ಕೂಡುವ ಅಂಕೆ, +2ರಿಂದ +3 ಆಗುತ್ತದೆ, ಆದರೆ ಗೇಮ್ ಮಾಸ್ಟರ್‌ನ ಪಟ್ಟಿಯಲ್ಲಿ ಹಳೆಯ ಅಂಕೆಯೇ ಇರುತ್ತದೆ. ಲೆವೆಲ್ ಏರಿದ ದಿನವೇ ಪಟ್ಟಿ ಹೊಸದಾಗಬೇಕು.

ರಾಕ್ಷಸರ ಅಂಕಿಅಂಶ? ನಿಯಮ ಪುಸ್ತಕದ ಪುಟ ಸಂಖ್ಯೆ ಬರೆದರೆ ಸಾಲದು. ಜೆರಾಕ್ಸ್ ಮಾಡಿ ಹಾಳೆಗೆ ಕ್ಲಿಪ್ ಹಾಕಿ. ಹಿಟ್ ಪಾಯಿಂಟ್ (ಉಳಿದಿರುವ ಜೀವಬಲ) ಲೆಕ್ಕವನ್ನು ಒಂದು ಚೂರು ಕಾಗದದಲ್ಲಿ ಮಾಡಿ, ಆಟ ಮುಗಿದ ಮೇಲೆ ಎಸೆಯಿರಿ. ಅದನ್ನೂ ಕಾಪಾಡಿಡುವವರಿದ್ದಾರೆ, ಯಾತಕ್ಕೋ ದೇವರೇ ಬಲ್ಲ.

ಆಟದೊಳಗಿನ ದಿನಾಂಕ ಬಿಟ್ಟರೆ ಇಡೀ ಕಿರ್ದಿ ದಂಡ. ಆಟದ ನಿಯಮದಂತೆ ಸಾಮಾನ್ಯ ನಡಿಗೆಯಲ್ಲಿ ದಿನಕ್ಕೆ ಎಂಟು ಗಂಟೆ, 24 ಮೈಲಿ. ಲಾಂಗ್ ರೆಸ್ಟ್, ಅಂದರೆ ಬಲ ಮರಳಿಸುವ ದೀರ್ಘ ವಿಶ್ರಾಂತಿ, ಎಂಟು ಗಂಟೆ, ಅದರ ಫಲ 24 ಗಂಟೆಗೆ ಒಂದೇ ಸಲ. "ಹತ್ತು ದಿನದಲ್ಲಿ ಹಡಗು ಹೊರಡುತ್ತದೆ" ಎಂದು ಹೇಳಿ ದಿನ ಎಣಿಸದೆ ಬಿಟ್ಟರೆ, ತಂಡ ಪ್ರತಿ ಕಾದಾಟದ ನಂತರ ಮಲಗಿ ಎದ್ದು ಪೂರ್ತಿ ಬಲದಲ್ಲಿ ಮುಂದಿನ ಕೋಣೆಗೆ ಹೋಗುತ್ತದೆ, ಹಡಗು ಬಂದರಿನಲ್ಲೇ ಕಾಯುತ್ತಿರುತ್ತದೆ. ಹೊಸ ಪಂಚಾಂಗ ಕಟ್ಟುವ ಹುಚ್ಚಿದ್ದರೆ ಈ ಆಟದ ಕಲ್ಪಿತ ಲೋಕವಾದ ಫರ್ಗಾಟನ್ ರೆಲ್ಮ್ಸ್‌ನದನ್ನು ನೋಡಿ: 30 ದಿನಗಳ 12 ತಿಂಗಳು, ನಡುನಡುವೆ 5 ಹಬ್ಬದ ದಿನ. ಲೆಕ್ಕಕ್ಕೆ ಅದಕ್ಕಿಂತ ಸುಲಭದ್ದು ಬೇಕಿಲ್ಲ.

ಆ 140 ಪುಟವನ್ನು ಕಾರ್ಡಿಗೆ ಇಳಿಸಲು ಕೂರಬೇಡಿ, ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಡಾಕ್ ಮುಚ್ಚಿಡಿ. ಯಾರು ಮತ್ತೆ ಆಟಕ್ಕೆ ಬರುತ್ತಾರೋ ಅವರಿಗಷ್ಟೇ, ಬಂದ ದಿನ, ಕಾರ್ಡ್ ಮಾಡಿ. ಮೊದಲನೆಯದು ಓರಿನ್‌ನದೇ ಆಗಲಿ.

ಆ್ಯಪ್ ಬೇಕೇ ಬೇಕು ಎಂದರೆ ಆಬ್ಸಿಡಿಯನ್ ಆದೀತು. ಕಡತಗಳು ನಿಮ್ಮ ಕಂಪ್ಯೂಟರಿನಲ್ಲೇ ಸಾದಾ ಪಠ್ಯವಾಗಿರುತ್ತವೆ, ನೆಟ್ ಹೋದರೂ ತೆರೆಯುತ್ತವೆ. ಕಡತದ ಹೆಸರು 009, 010 ಎಂದಿರಲಿ, ಇಲ್ಲದಿದ್ದರೆ ಕೆಲವು ಕಡೆ 10 ಬಂದು 9ರ ಮುಂದೆ ಕೂರುತ್ತದೆ.

ಪ್ರಶ್ನೆ: ನಾವು ಆಡುವುದು ಕನ್ನಡದಲ್ಲಿ, ನೋಟ್ಸ್ ಕೂಡ ಕನ್ನಡದಲ್ಲಿ. ಹುಡುಕಿದರೆ ಅರ್ಧ ಸಿಗುವುದೇ ಇಲ್ಲ.

ಇದು ಕೇಳಬೇಕಾದ ಪ್ರಶ್ನೆ. ಕಾರಣ ಮೂರು. ವಿಭಕ್ತಿ ಸೇರಿದಾಗ ಪದದ ಕೊನೆ ಬದಲಾಗುತ್ತದೆ: "ಕರಿಬೆಟ್ಟು" ಎಂದು ಹುಡುಕಿದರೆ "ಕರಿಬೆಟ್ಟಿನ ಸೇತುವೆ" ಸಿಗದು. ಹೊರಗಿನ ಹೆಸರನ್ನು ಒಮ್ಮೆ "ಎಲ್‌ಡ್ರಿನ್", ಒಮ್ಮೆ "ಎಲ್ಡ್ರಿನ್" ಎಂದು ಬರೆದಿರುತ್ತೀರಿ, ಯಂತ್ರಕ್ಕೆ ಇಬ್ಬರೂ ಬೇರೆ ಬೇರೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದದ್ದು ಯೂನಿಕೋಡ್ ಹುಡುಕಾಟಕ್ಕೆ ಬರಿಯ ಕಸ, ಮೊದಲು ಪರಿವರ್ತಿಸಿಕೊಳ್ಳಿ. ಪ್ರತಿ ಕಾರ್ಡಿನ ತಲೆಯಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಬರೆದು ಅದನ್ನೇ ಹುಡುಕಿ.

ಪ್ರಶ್ನೆ: ಆಡುವ ಮೊದಲು ಲೋಕದ ಪೂರ್ತಿ ಇತಿಹಾಸ ಬರೆದಿರಬೇಕು ಎನ್ನುತ್ತಾರಲ್ಲ?

ಹಾಗೆನ್ನುವವರಲ್ಲಿ ಎಷ್ಟು ಮಂದಿ ಆಡುತ್ತಿದ್ದಾರೆ, ವಿಚಾರಿಸಿ.

ಪ್ರಶ್ನೆ: ದುಡ್ಡು ಕೊಟ್ಟು ಕೊಳ್ಳುವ ಕ್ಯಾಂಪೇನ್ ಟೆಂಪ್ಲೇಟ್‌ಗಳು ಉಪಯೋಗವೇ?

ಮಾರುವವರಿಗೆ. ನಲವತ್ತು ಖಾಲಿ ಕಾಲಮ್ಮಿಗೆ ಬಣ್ಣ ಬಳಿದು "ನಿಮ್ಮ ಎರಡನೇ ಮೆದುಳು" ಎಂದು ಹೆಸರಿಟ್ಟಿರುತ್ತಾರೆ. ಆ ದುಡ್ಡಿಗೆ ಒಂದು ಸೆಟ್ ಡೈಸ್ ತನ್ನಿ.

ಪ್ರಶ್ನೆ: ಸೆಷನ್ ರೆಕಾರ್ಡ್ ಮಾಡಿ ಎಐಗೆ ಕೊಟ್ಟು ಸಾರಾಂಶ ಮಾಡಿಸಬಹುದೇ?

ಮೊದಲು ಆಟಗಾರರ ಒಪ್ಪಿಗೆ ಕೇಳಿ. ಆಮೇಲೆ ಸಾಲುಸಾಲಾಗಿ ತಾಳೆ ನೋಡಿ, ಆಗದ ಘಟನೆಯನ್ನೂ ಆದಂತೆ ಬರೆದುಬಿಡುತ್ತದೆ. ತಾಳೆ ನೋಡಲು ಹಿಡಿಯುವ ಹೊತ್ತಿನಲ್ಲಿ ಕಿರ್ದಿಯನ್ನೇ ಬರೆದು ಮುಗಿಸಬಹುದು.

ಪ್ರಶ್ನೆ: ಆಟಗಾರರು ಏನನ್ನೂ ಬರೆದುಕೊಳ್ಳುವುದಿಲ್ಲ. ನನ್ನ ನೋಟ್ಸ್ ಕೊಡಲೇ?

ಬೇಡ. ಸೆಷನ್ ಶುರುವಿನಲ್ಲಿ ಸರದಿಯಂತೆ ಒಬ್ಬರಿಂದ ಹಿಂದಿನ ಕಥೆ ಹೇಳಿಸಿ. ಅವರಿಗೆ ನೆನಪಿಲ್ಲದ ಸಂಗತಿಗೆ ನಿಮ್ಮ ಬಾಕಿ ಪಟ್ಟಿಯಲ್ಲಿ ಅಡ್ಡಗೆರೆ ಎಳೆಯಿರಿ.