ಎಮು ಅಪ್ಪ, ಕಾಂಗರೂ ಅಮ್ಮ

ಪ್ರಶ್ನೆ: ಸರ್, ಆಸ್ಟ್ರೇಲಿಯಾ ಕ್ರಿಕೆಟ್ ಟೀಮಿನ ಕ್ಯಾಪ್ ಮೇಲೆ ಕಾಂಗರೂ ಜೊತೆ ಎಮು ಹಕ್ಕಿನೂ ಇರುತ್ತಲ್ಲ, ಯಾಕೆ? ಎರಡೂ ಹಿಂದಕ್ಕೆ ನಡೆಯಲ್ಲವಂತೆ, ನಿಜವಾ? ಇವೆರಡರಲ್ಲಿ ಮರಿ ಸಾಕೋದ್ರಲ್ಲಿ ಯಾವ್ದು ಮೇಲು? (ಒಬ್ಬ ಓದುಗರು, ಹಾಸನ)

ಉತ್ತರ: ಆ ದೇಶದ ಲಾಂಛನದಲ್ಲೂ 1908ರಿಂದ ಇವೆರಡೇ ಇರೋದು, ಈಗಿನ ರೂಪ ಬಂದಿದ್ದು 1912ರಲ್ಲಿ. ಎರಡೂ ಅಲ್ಲಿನ ಮಣ್ಣಿನವೇ, ಅದಕ್ಕೇ ಆರಿಸಿದ್ದು. ಹಿಂದಕ್ಕೆ ನಡೆಯೋ ವಿಷಯ ಅರ್ಧ ನಿಜ ಅಷ್ಟೆ, ಕಾಂಗರೂಗೆ ಆ ದಪ್ಪ ಬಾಲ ಅಡ್ಡ ಬರುತ್ತೆ, ಆದ್ರೂ ನಿಧಾನಕ್ಕೆ ಸ್ವಲ್ಪ ಸರ್ಕೊಳ್ಳುತ್ತೆ.

ನೀವು ಕೊನೆಗೆ ಕೇಳಿದ್ದೇ ನನಗೆ ತುಂಬಾ ಇಷ್ಟದ ವಿಷಯ. ಕೆಂಪು ಕಾಂಗರೂ ಮರಿ ತಾಯಿ ಹೊಟ್ಟೆಯೊಳಗೆ ಇರೋದು ಬರೀ 33 ದಿನ, ಹುಟ್ಟಿದಾಗ ಹಿತುಕಿದ ಅವರೆಕಾಳಿನಷ್ಟೇ ಇರುತ್ತೆ, ತೂಕ ಒಂದು ಗ್ರಾಂ ಕೂಡ ಇಲ್ಲ, ಕಣ್ಣೂ ಬಿಟ್ಟಿರಲ್ಲ, ಅಂಥದ್ದು ಮುಂಗಾಲಿಂದ ತಾಯಿಯ ಕೂದಲು ಹಿಡ್ಕೊಂಡು ತೆವಳ್ತಾ ತಾನೇ ಚೀಲದೊಳಗೆ ಸೇರಿ ಮೊಲೆತೊಟ್ಟು ಕಚ್ಕೊಂಡ್ಬಿಡುತ್ತೆ. ಅಲ್ಲಿ ಸುಮಾರು ಎಂಟು ತಿಂಗಳು. ಅಷ್ಟರಲ್ಲಿ ತಾಯಿ ಮತ್ತೆ ಬಸುರಾಗಿದ್ರೂ ಆ ಭ್ರೂಣ ಬೆಳೆಯದೆ ಹಾಗೇ ಕಾಯ್ತಾ ಇರುತ್ತೆ, ಚೀಲದಲ್ಲಿರೋ ಮರಿ ಹೊರಗೆ ಬರೋ ಹೊತ್ತಿಗೆ ಅಥವಾ ಬರಗಾಲದಲ್ಲಿ ಅದು ಸತ್ತುಹೋದ್ರೆ ಆಗ ಬೆಳೆಯೋಕೆ ಶುರು. ಇನ್ನೊಂದು ಕೇಳಿ, ಹೊರಗೆ ಓಡಾಡೋ ದೊಡ್ಡ ಮರಿಗೆ ಒಂದು ತೊಟ್ಟಿನಿಂದ ಒಂಥರ ಹಾಲು, ಒಳಗಿರೋ ಪುಟಾಣಿಗೆ ಇನ್ನೊಂದು ತೊಟ್ಟಿನಿಂದ ಬೇರೆಯೇ ಥರದ ಹಾಲು, ಅದೂ ಏಕಕಾಲಕ್ಕೆ! ಇದೆಲ್ಲಾ ಒಬ್ಬಳೇ ತಾಯಿ ಮಾಡೋ ಕೆಲ್ಸ, ಗಂಡು ಕಾಂಗರೂ ಇತ್ತ ತಿರುಗಿ ನೋಡಲ್ಲ.

ಎಮುದು ಪೂರ್ತಿ ಉಲ್ಟಾ. ಹೆಣ್ಣು ಕಡು ಹಸಿರು ಬಣ್ಣದ ಮೊಟ್ಟೆ ಇಟ್ಟು ಹೊರಟುಬಿಡುತ್ತೆ, ಕಾವು ಕೂರೋದು ಗಂಡು, ಸುಮಾರು ಎಂಟು ವಾರ. ಆ ಎಂಟು ವಾರ ಊಟ ಇಲ್ಲ, ನೀರೂ ಇಲ್ಲ ಅನ್ನೋಷ್ಟೇ, ಎದ್ದು ಮೊಟ್ಟೆ ತಿರುಗಿಸಿ ಮತ್ತೆ ಕೂರುತ್ತೆ, ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಹಾರ, ಮೂರನೇ ಒಂದು ಭಾಗದಷ್ಟು ತೂಕ ಕರಗಿಹೋಗುತ್ತೆ. ನಮ್ಮ ಕಡೆ ಎಮು ಫಾರಂ ಮಾಡ್ತಿದ್ದ ಕಾಲದಲ್ಲಿ ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡಿಸ್ತಿದ್ರು, ಹಾಗಾಗಿ ಎಮು ಸಾಕಿದವರಲ್ಲೂ ಎಷ್ಟೋ ಜನ ಇದನ್ನ ಕಣ್ಣಾರೆ ನೋಡಿಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು.

ಓಟದಲ್ಲಿ ಕಾಂಗರೂನೇ ಮುಂದು, ಗಂಟೆಗೆ 60 ಕಿ.ಮೀ. ದಾಟಬಲ್ಲದು, ಎಮು ಸುಮಾರು 50. ಆದ್ರೆ ಮರಿ ಸಾಕೋದ್ರಲ್ಲಿ ಒಂದನ್ನೇ ಹೇಳಿ ಅಂದ್ರೆ ನನ್ನ ಮನಸ್ಸು ಎಮು ಅಪ್ಪನ ಕಡೆಗೇ. ಹಾಲಿಲ್ಲ, ಚೀಲ ಇಲ್ಲ, ಆದ್ರೂ ಹಸ್ಕೊಂಡು ಕೂತು ಮರಿ ಮಾಡಿ, ಆಮೇಲೂ ಆ ಪಟ್ಟೆಪಟ್ಟೆ ಮರಿಗಳನ್ನ ತಿಂಗಳುಗಟ್ಟಲೆ ಜೊತೇಲೇ ಕರ್ಕೊಂಡು ತಿರುಗುತ್ತೆ, ಹೆತ್ತ ತಾಯಿನೇ ಹತ್ರ ಬಂದ್ರೂ ಓಡಿಸುತ್ತೆ.