ಬೋರ್‌ವೆಲ್‌ಗಿಂತ ಮೊದಲು ಮೀಟರ್ ಹಾಕಿಸಿ

24 ಮನೆಗಳ ಅಪಾರ್ಟ್‌ಮೆಂಟ್, ಟ್ಯಾಂಕರ್ ಖರ್ಚು ತಡೆಯೋಕೆ ಆಗುತ್ತಿಲ್ಲ, ಇನ್ನೊಂದು ಬೋರ್‌ವೆಲ್ ಕೊರೆಸಬೇಕಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಬೆಂಗಳೂರಿನಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗುವ ಗ್ಯಾರಂಟಿ ಇಲ್ಲ. ಕಾವೇರಿ ನೀರಂತೂ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುತ್ತದೆ, ಅದನ್ನು ಸೋರಲು ಬಿಡುವುದು ನಿಜಕ್ಕೂ ಹೊಟ್ಟೆ ಉರಿಯುವ ವಿಷಯ.

ಮನೆಮನೆಗೂ ಮೀಟರ್ ಹಾಕಿಸಿ, ಬಳಸಿದಷ್ಟಕ್ಕೇ ಬಿಲ್ ಮಾಡಿ. ಡಿಜಿಟಲ್ ಮೀಟರ್ ಆದರೆ ಗಂಟೆಗಂಟೆಯ ಲೆಕ್ಕ ಮೊಬೈಲಿನಲ್ಲೇ ಸಿಗುತ್ತದೆ. ಎಲ್ಲರೂ ಮಲಗಿರುವ ರಾತ್ರಿ ಎರಡು ಗಂಟೆಗೂ ಯಾವುದೋ ಮನೆಯಲ್ಲಿ ನೀರು ಓಡುತ್ತಿದ್ದರೆ ಮೊದಲು ಅನುಮಾನಪಡಬೇಕಾದ್ದು ಫ್ಲಶ್ ಟ್ಯಾಂಕ್. ಅದರೊಳಗೆ ಸ್ವಲ್ಪ ಅರಿಶಿನ ಕದಡಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ಹಳದಿ ಕಂಡರೆ ವಾಷರ್ ಹೋಗಿದೆ ಅಂತಲೇ ಅರ್ಥ. ಚಿಕ್ಕ ರಿಪೇರಿ, ಆದರೆ ಹಗಲು ರಾತ್ರಿ ಸೋರುತ್ತೆ ಅಲ್ವಾ!

ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ, ನಲ್ಲಿಯ ಬಾಯಿಗೆ ಹಾಕುವ ಪುಟ್ಟ ಜಾಲರಿ, 2024ರಲ್ಲೇ ಬೆಂಗಳೂರು ಜಲಮಂಡಳಿ ಕಡ್ಡಾಯ ಮಾಡಿದೆ. ಸಿಂಕ್, ವಾಷ್‌ಬೇಸಿನ್‌ಗೆ ಹಾಕಿಸಿ. ಬಕೆಟ್ ತುಂಬಿಸುವ ನಲ್ಲಿಗೆ ಬೇಡ, ಅಲ್ಲಿ ಉಳಿತಾಯ ಇಲ್ಲ, ಸುಮ್ನೆ ಸಮಯ ದಂಡ. ಓವರ್‌ಹೆಡ್ ಟ್ಯಾಂಕಿಗೆ ಸೆನ್ಸರ್ ಹಾಕಿ ಮೋಟಾರ್ ತಾನೇ ಆಫ್ ಆಗುವ ಹಾಗೆ ಮಾಡಿ.

ಎರಡು ತಿಂಗಳ ಮೀಟರ್ ಲೆಕ್ಕ ಕೈಗೆ ಬಂದ ಮೇಲೆ ಬೋರ್‌ವೆಲ್ ವಿಷಯ ಮೀಟಿಂಗಿಗೆ ತನ್ನಿ.