ಫ್ಲಮೆಂಕೊ ಚಪ್ಪಾಳೆಗೂ ಲೆಕ್ಕ ಇದೆ

ಸ್ಪೇನಿನ ಫ್ಲಮೆಂಕೊ ಕುಣಿತದ ವಿಡಿಯೋ ನೋಡಿ, ವೇದಿಕೆಯಲ್ಲಿ ಹಿಂದೆ ಕೂತವರ ಚಪ್ಪಾಳೆ ಗಡಿಬಿಡಿ ಅನ್ನಿಸಿತು, ಅದು ಸುಮ್ನೆ ಹುರುಪಿಗಾ ಅಂತ ಕೇಳಿದ್ದೀರಿ. ಅಲ್ಲ, ಅದು ಪಕ್ಕಾ ಲೆಕ್ಕದ ಕೆಲಸ. ‘ಪಾಲ್ಮಾಸ್’ ಅನ್ನುತ್ತಾರೆ.

ಫ್ಲಮೆಂಕೊದ ಒಂದು ಪ್ರಕಾರ ‘ಸೊಲೆಯಾ’ ತಗೊಳ್ಳಿ. 12 ಎಣಿಕೆಯ ಸುತ್ತು. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಅಂದರೆ ಮೊದಲು ಮೂರು ಮೂರಕ್ಕೆ, ಆಮೇಲೆ ಎರಡೆರಡಕ್ಕೆ. ಹೊಸಬರ ಕಿವಿ ಜಾರುವುದು ಅಲ್ಲೇ. ‘ಬುಲೆರಿಯಾಸ್’ ಕೂಡ 12ರದ್ದೇ, ಆದರೆ ವೇಗ ಜಾಸ್ತಿ. ಸಾಮಾನ್ಯವಾಗಿ 12ರಿಂದಲೇ ಎಣಿಸಲು ಶುರು ಮಾಡುತ್ತಾರೆ (ವಿಚಿತ್ರ ಅಲ್ವಾ!). ‘ಟಾಂಗೋಸ್’ ಸಲೀಸು, 4ರ ಲೆಕ್ಕ. ನೀವು ಅದರಿಂದ ಶುರು ಮಾಡಿ.

ವಿಡಿಯೋದಲ್ಲಿ ಚಪ್ಪಾಳೆ ತಟ್ಟುವವರ ಕೈ ನೋಡಿ. ಹಾಡು ನಡೆಯುವಾಗ ಅಂಗೈಗಳನ್ನು ಗುಳಿ ಮಾಡಿ ಮೆತ್ತಗೆ ತಟ್ಟುತ್ತಾರೆ, ಇಲ್ಲದಿದ್ದರೆ ದನಿ ಮುಚ್ಚಿಹೋಗುತ್ತದೆ. ಕಾಲಿನ ಕೆಲಸ ಬಿರುಸಾದಾಗ ಒಂದು ಕೈಯ ಬೆರಳುಗಳನ್ನು ಇನ್ನೊಂದು ಅಂಗೈಗೆ ಬಡಿದು ಚುರುಕಾದ ಸದ್ದು ತೆಗೆಯುತ್ತಾರೆ. ಒಬ್ಬರು ಎಣಿಕೆಯ ಮೇಲೆ ತಟ್ಟಿದರೆ ಇನ್ನೊಬ್ಬರು ನಡುವಿನ ಸಂದಿಯಲ್ಲಿ ತಟ್ಟುತ್ತಾರೆ. ನಿಮಗೆ ಗಡಿಬಿಡಿ ಅನ್ನಿಸಿದ್ದು ಬಹುಶಃ ಇದೇ.

ಮುಂದೆ ಸ್ಪೇನಿನ ಸೆವಿಯಾ ಅಥವಾ ಹೆರೆಸ್ ಊರಿನ ಕಡೆ ಹೋದರೆ, ಪ್ರೇಕ್ಷಕರ ಸಾಲಿನಲ್ಲಿ ಕೂತು ಜೊತೆಗೆ ತಟ್ಟಲು ಹೋಗಬೇಡಿ. ಕುಣಿಯುವವರ ಲಯ ಕೆಡುತ್ತದೆ. ನಮ್ಮ ‘ಭಲೇ’ ಥರ ‘ಓಲೆ’ ಅಂತ ಕೂಗಿ, ಅದಕ್ಕೆ ಯಾರೂ ಬೇಡ ಅನ್ನಲ್ಲ.